ಮಾವನವರಿಗೆ ಮೂರು ಮೂಗು

ಕೊಟ್ಟೂರಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಕೊಡ, ಹೂದಾನಿ, ಮಾವಿನಹಣ್ಣು ಬಿಡಿಸಿಕೊಂಡು ಮರ್ಯಾದೆಯಿಂದಲೇ ಬದುಕಿದ್ದವನು, ಒಂದು ತರಬೇತಿಗೆ ಹೋಗಿ ಕೆಟ್ಟೆ.

ಅಲ್ಲಿ ಕ್ಯೂಬಿಸಂ ಹೇಳಿಕೊಟ್ಟರು. ನೂರು ವರ್ಷಕ್ಕೂ ಹಿಂದೆ ಪ್ಯಾರಿಸ್ಸಿನಲ್ಲಿ ಸ್ಪೇನಿನವನೊಬ್ಬ, ಫ್ರಾನ್ಸಿನವನೊಬ್ಬ ಸೇರಿ ಇದನ್ನು ಹುಟ್ಟುಹಾಕಿದರಂತೆ. ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಕಂಡದ್ದನ್ನೆಲ್ಲ ಚೂರುಚೂರು ಮಾಡಿ ಒಂದೇ ಹಾಳೆಯ ಮೇಲೆ ಜೋಡಿಸುವುದು. ಬಣ್ಣ ಬೂದಿಯದು, ಮಣ್ಣಿನದು. ಒಂದು ಕಾಲಕ್ಕೆ ಇಬ್ಬರಲ್ಲಿ ಯಾರ ಚಿತ್ರ ಯಾವುದೆಂದು ಹೇಳುವುದೇ ಕಷ್ಟವಾಗಿತ್ತಂತೆ. ಹಾಗಾದರೆ ಮೂರನೆಯವನಾಗಿ ನಾನೂ ಸೇರಿಕೊಳ್ಳಬಹುದಲ್ಲ!

ಅದೇ ಹೊತ್ತಿಗೆ, ನನ್ನ ಮಾವ ತೀರಿಕೊಂಡ ಮೇಲಿನ ಮೊದಲ ಹಿರಿಯರ ಹಬ್ಬ ಬಂತು. ಕೂಡ್ಲಿಗಿ ಕಡೆಯ ಹೊಸಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದವರು ಅವರು. ಹಬ್ಬದ ದಿನ ಹಿರಿಯರ ಪಟಕ್ಕೆ ವಿಭೂತಿ ಹಚ್ಚಿ ಎಡೆ ಇಡಬೇಕು. ಮಾವನದು ಆಧಾರ್ ಕಾರ್ಡಿನ ಫೋಟೊ ಬಿಟ್ಟರೆ ಬೇರೊಂದಿಲ್ಲ. ಆ ಫೋಟೊದಲ್ಲಿ ಯಾರೂ ಯಾರ ಹಾಗೂ ಕಾಣುವುದಿಲ್ಲವಷ್ಟೆ.

"ಅಳಿಯಂದ್ರ, ನೀವ ಒಂದು ಪಟ ಬರದು ಕೊಡ್ರಿ. ಅವ್ರ ಮಕ ನೋಡಿ ವರ್ಷ ಆಗಾಕ ಬಂತು" ಎಂದರು ಅತ್ತೆ.

ಇಷ್ಟು ಪ್ರೀತಿಯ ಮುಖವನ್ನು ಒಂದೇ ಕಡೆಯಿಂದ ತೋರಿಸಿದರೆ ಸಾಕೇ? ಎಲ್ಲ ಕಡೆಯಿಂದಲೂ ತೋರಿಸಲು ನಿಶ್ಚಯಿಸಿದೆ. ಮಾವ ಕುಕ್ಕರಗಾಲಲ್ಲಿ ಕೂತಂತೆ ಯಾರಿಗೂ ತೋರಿಸದೆ ಬರೆದು, ಚೌಕಟ್ಟು ಹಾಕಿಸಿ, ಹಬ್ಬದ ದಿನ ನೆಂಟರೆದುರೇ ಮುಸುಕು ತೆಗೆದೆ.

ಮೊದಲು ಬಾಯಿ ಬಿಟ್ಟವಳು ನನ್ನ ಹೆಂಡತಿ.

"ನಮ್ಮಪ್ಪಗ ಮೂರು ಮೂಗು ಯಾಕ್ರಿ?"

"ಮೂರಲ್ಲ, ಒಂದ ಮೂಗು. ಮೂರು ಕಡಿಯಿಂದ ಕಾಣ್ತೈತಿ."

ಮಾವನ ತಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ನಮ್ಮಣ್ಣ ಇದ್ದಾಗ ಇಷ್ಟು ಮೂಲಿ ಇರ್ಲಿಲ್ಲ ಬಿಡು."

ಅತ್ತೆ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಬಂದರು. ಕೈ ಗಾಳಿಯಲ್ಲೇ ನಿಂತಿತು. "ಹಣಿ ಎಲ್ಲೈತ್ರಿ?"

ನಾನು ಧೈರ್ಯದಿಂದ ಮುಂದೆ ಹೋಗಿ ಬೆರಳಿಟ್ಟು ತೋರಿಸಿದೆ.

"ಅದು ಮೊಣಕಾಲು ಅಲ್ಲೇನ್ರಿ?" ಎಂದಳು ಹೆಂಡತಿ.

ಹೌದು, ಅದು ಮೊಣಕಾಲೇ ಆಗಿತ್ತು.

ಅತ್ತೆಯ ಕಣ್ಣು ತುಂಬಿಬಂತು. "ಇವತ್ತಾದ್ರೂ ಮಕ ನೋಡ್ತೀನಿ ಅಂತ ಮಾಡಿದ್ದೆ" ಅಂದರಷ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ನಿಂತಲ್ಲೇ ಭೂಮಿಗಿಳಿದು ಹೋಗೋಣ ಅನ್ನಿಸಿತು. ಪ್ಯಾರಿಸ್ಸಿನ ಆ ಇಬ್ಬರಲ್ಲಿ ಒಬ್ಬನೂ ಸಹಾಯಕ್ಕೆ ಬರಲಿಲ್ಲ.

ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದರು. ಮಾವ ಹೊದೆಯುತ್ತಿದ್ದ ಕರಿ ಕಂಬಳಿ ತಂದು, ಅವರು ಮಳೆಗೆ ತಲೆ ಮೇಲಿಂದ ಕೊಪ್ಪೆ ಹಾಕಿಕೊಳ್ಳುತ್ತಿದ್ದ ಹಾಗೆಯೇ ಮಡಚಿ, ಚೌಕಟ್ಟಿಗೆ ಪೂರ್ತಿ ಹೊದಿಸಿದರು. ಹಣೆ ಇರಬೇಕಾದ ಜಾಗದಲ್ಲಿ ಕಂಬಳಿಗೇ ವಿಭೂತಿ ಎಳೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

"ಈಗ ನೋಡ್ರಿ. ಅವ್ರ ಬಂದು ಕುಂತಂಗಾತು."

ಎಲ್ಲರೂ ಅಡ್ಡಬಿದ್ದರು. ನಾನೂ ಬಿದ್ದೆ. ಸುಳ್ಳೇಕೆ, ಥೇಟ್ ಮಾವನೇ ಕೂತಂತಿತ್ತು. ನನ್ನ ಚಿತ್ರ ಒಂದಿಷ್ಟೂ ಕಾಣುತ್ತಿರಲಿಲ್ಲ.