ಎದುರುಮನೆ ಮೇಯರಿಗೆ ಬಿದ್ದ ಓಟು

ನೀವು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟಿ! ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಬಿಲ್ಡಿಂಗಿನಲ್ಲಿ, ನನ್ನ ಎದುರುಮನೆಯಲ್ಲೇ, ಒಬ್ಬ ಕಮ್ಯುನಿಸ್ಟ್ ಮೇಯರ್ ಇದ್ದಾರೆ. ಜೆಕ್ ದೇಶದ ಊರೊಂದನ್ನು ಆಳಿ, ಅಲ್ಲಿ ಪಕ್ಷ ಬಿದ್ದ ಮೇಲೆ ಮಗಳ ಹಿಂದೆ ಟೊರಾಂಟೊಗೆ ಬಂದವರು. ಅಧಿಕಾರ ಹೋಯಿತು, ಕೋಟಿನ ಜೇಬಿನ ಕತ್ತರಿ ಮಾತ್ರ ಹೋಗಲಿಲ್ಲ. ಹೊಸದೇನು ಕಂಡರೂ ರಿಬ್ಬನ್ ಕಟ್ಟಿ, ಕತ್ತರಿಸಿ, ಉದ್ಘಾಟಿಸಲೇಬೇಕು!

ನಮ್ಮ ಮನೆಗೆ ಹೊಸ ಗ್ರೈಂಡರ್ ಬಂದಾಗಲೂ ಭಾಷಣವಾಯಿತು. ನನ್ನ ಹುಬ್ಬಳ್ಳಿ ಹೆಂಡತಿ ಅಡುಗೆಮನೆಯಿಂದ ಕೂಗಿದಳು: "ಏನ್ರೀ, ಇವರ ಭಾಷಣ ಮುಗಿಯೂದ್ರಾಗ ನೆನಸಿದ ಅಕ್ಕಿ ಮೊಳಕಿ ಒಡೀತಾವ!"

ನಾನು ಸುಮ್ಮನಿರುವವನೇ? ಕೆಟ್ಟಿದ್ದ ಲಿಫ್ಟು ರಿಪೇರಿಯಾದ ದಿನ ಬಾಗಿಲಿಗೆ ರಿಬ್ಬನ್ ಕಟ್ಟಿ ಕರೆದೆ. ಕತ್ತರಿಸಿ ಒಳಗೆ ಹೋದರು. ಲಿಫ್ಟು ಮೂರು-ನಾಲ್ಕನೇ ಮಹಡಿಯ ನಡುವೆ ನಿಂತಿತು. ಮಹಾನುಭಾವರು ಒಳಗಿನಿಂದಲೇ ಭಾಷಣ ಮುಗಿಸಿದರು!

"ಕಾಮ್ರೇಡ್, ನಿಮ್ಮೂರಾಗ ಎಷ್ಟ್ ಓಟಿಂದ ಗೆದ್ದಿದ್ರಿ?" ಎಂದು ಒಮ್ಮೆ ಚುಚ್ಚಿದೆ. (ಅವರಿಗೆ ಅಷ್ಟಿಷ್ಟು ಹುಬ್ಬಳ್ಳಿ ಮಾತು ಕಲಿಸಿದವನೂ ನಾನೇ. ಉಳಿದದ್ದು ಇಂಗ್ಲಿಷು.)

"ಎಲ್ಲರೂ ಕೈ ಎತ್ತುತ್ತಿದ್ದರು. ಎತ್ತದವರ ಹೆಸರನ್ನು ಪಕ್ಷದವರು ಬರೆದುಕೊಳ್ಳುತ್ತಿದ್ದರು," ಎಂದು ಚಹಾದ ಕಪ್ಪಿನೊಳಗೆ ನೋಡಿದರು. "ಒಬ್ಬರಿಗಾದರೂ ನಾನು ನಿಜವಾಗಿ ಬೇಕಾಗಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ."

2017ರಲ್ಲಿ ಬಿಲ್ಡಿಂಗಿನ ಹಿರಿಯರ ಕ್ಲಬ್ಬಿಗೆ ಅಧ್ಯಕ್ಷರು ಬೇಕಾದಾಗ ಇವರು ನಿಂತೇಬಿಟ್ಟರು. ಕೈ ಎತ್ತುವುದಿಲ್ಲ, ಚೀಟಿ ಬರೆದು ಶೂ ಡಬ್ಬಿಗೆ ಹಾಕುವುದು. ಎದುರಾಳಿ ಲಾಹೋರಿನ ಟೀಚರಮ್ಮ. ಆಕೆಯ ಬಿರಿಯಾನಿ ತಿಂದವರ ಮುಂದೆ ಯಾವ ಪಕ್ಷ ನಿಂತೀತು? ನಾನೂ ನಾಚಿಕೆಯಿಲ್ಲದೆ ಬಿರಿಯಾನಿಗೇ ಓಟು ಹಾಕಿದೆ.

ಡಬ್ಬಿ ತೆರೆದರು. ಚೀಟಿಗಳೆಲ್ಲ ಟೀಚರಮ್ಮನಿಗೆ, ಮೇಯರಿಗೆ ಒಂದೇ ಒಂದು!

"ನಿಮ್ಮ ಓಟಾದ್ರೂ ನಿಮಗ ಬಿತ್ತಲ್ರೀ!" ಎಂದು ನಾನು ನೆರೆದವರಿಗೆಲ್ಲ ಕೇಳುವಂತೆ ನಕ್ಕೆ.

ಅವರು ನಗಲಿಲ್ಲ. "ನಾನು ಹಾಕಿದ್ದು ಟೀಚರಿಗೆ. ತನಗೆ ತಾನೇ ಹಾಕಿಕೊಳ್ಳುವುದು ಸಭ್ಯತೆಯಲ್ಲ."

ಆ ಚೀಟಿಯನ್ನು ಕೇಳಿ ಪಡೆದರು. ಎಡಗೈಯಲ್ಲಿ ಬರೆದಂಥ ಸೊಟ್ಟ ಅಕ್ಷರ. ತುಂಬ ಹೊತ್ತು ನೋಡಿದರು. "ಹಂಗಾದ್ರ... ಇದು ಖರೇ ಓಟು!" ಎಂದು ಅದನ್ನು ಮಡಚಿ ಕೋಟಿನ ಜೇಬಿಗೆ ಇಳಿಸಿದರು.

ಚೀಟಿ ಈಗ ಕತ್ತರಿಯ ಪಕ್ಕದಲ್ಲಿದೆ. ಹಾಕಿದ್ದು ಯಾರೆಂದು ಗೊತ್ತಿಲ್ಲದ್ದರಿಂದ, ಲಿಫ್ಟಿನಲ್ಲಿ ಸಿಕ್ಕ ಎಲ್ಲರಿಗೂ ಟೋಪಿ ತೆಗೆದು ನಮಸ್ಕರಿಸುತ್ತಾರೆ. ನನಗೂ.

ಇಷ್ಟರಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದೇನೆ: ಬಿರಿಯಾನಿಗೆ ಓಟು ಹಾಕಿದೆ ಎಂದದ್ದು. ಈ ವಯಸ್ಸಿನಲ್ಲಿ ಎಡಗೈಯಲ್ಲಿ ಬರೆಯುವುದು ಸುಲಭವಲ್ಲ ನೋಡಿ!