ಹಕ್ಕಿಯ ಬಾಣಂತನ, ನನ್ನ ಕ್ಯಾಮೆರಾ

ಹಕ್ಕಿಗಳ ಫೋಟೋ ತೆಗೆಯುವವನಿಗೆ ಹಕ್ಕಿಗಳಿಂದ ಒಂದು ತೊಂದರೆಯೂ ಇಲ್ಲ. ತೊಂದರೆಯೆಲ್ಲ ಮನುಷ್ಯರಿಂದ, ಮತ್ತು ಅದು ವರ್ಷಾವರ್ಷ ತಪ್ಪುವುದೂ ಇಲ್ಲ. ಕುಂಬಳೆ ಪೇಟೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಕ್ಯಾಮೆರಾ ಹೆಗಲಿಗೇರಿಸಿ ಹೊರಡುವುದು ನನ್ನ ಚಟ. ಮಾರ್ಚ್ ಬಂತೆಂದರೆ ಹಕ್ಕಿಗಳಿಗೆ ಸಂಸಾರದ ಗಡಿಬಿಡಿ, ನನಗೆ ಅವುಗಳ ಹಿಂದೆ ಅಲೆಯುವ ಗಡಿಬಿಡಿ. ಈ ಸಲ ಒಂದೇ ಹಟ: ತಾಯಿ ಮರಿಯ ಬಾಯಿಗೆ ತುತ್ತಿಡುವ ಫೋಟೋ ಬೇಕು. ಇಷ್ಟು ವರ್ಷ ನನಗೆ ಸಿಕ್ಕಿದ್ದೆಲ್ಲ ಹಕ್ಕಿಯ ಬೆನ್ನು, ಇಲ್ಲವೇ ಬಾಲ.

ಎಳನೀರು

ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲೆ ನಮ್ಮ ಕಡೆ ಮೂರು ಕಾಲಿನ ಸ್ಟ್ಯಾಂಡ್ ಕಂಡರೆ ಜನರ ಎದೆ ಧಸಕ್ಕೆನ್ನುತ್ತದೆ. ನನಗೆ ಅದು ಹೊಳೆದಿರಲಿಲ್ಲ. ಶಿರಿಯದ ಹತ್ತಿರ ರಸ್ತೆ ಬದಿಯ ಮಣ್ಣಿನ ಗೋಡೆಯಲ್ಲಿ ಕಳ್ಳಿಪೀರ ಹಕ್ಕಿ ಬಿಲ ಕೊರೆದು ಮರಿ ಮಾಡಿತ್ತು. ಸ್ಟ್ಯಾಂಡ್ ಊರಿ ನಿಂತೆ. ಹಿಂದಿನ ಮನೆಯ ಯಜಮಾನರು ಓಡಿ ಬಂದು ಕೈಗೆ ಎಳನೀರು ಕೊಟ್ಟರು. ಎಷ್ಟು ಒಳ್ಳೆಯ ಜನ ಎಂದುಕೊಂಡು ಪೂರ್ತಿ ಕುಡಿದೆ.

ಅವರು ಮೆಲ್ಲನೆ ಹೇಳಿದರು: "ಸಾರ್, ರಸ್ತೆಯ ಆಚೆ ಮನೆಯವನಿಗೆ ಜಾಗ ಬೇಕಾದಷ್ಟು ಉಂಟು. ನಿಮ್ಮ ಮಿಷನ್ ಸ್ವಲ್ಪ ಆ ಕಡೆ ತಿರುಗಿಸ್ಲಿಕ್ಕೆ ಆಗ್ತದಾ?"

"ಇದು ಸರ್ವೆ ಅಲ್ಲ, ನಾನು ಹಕ್ಕಿಯ ಫೋಟೋ ತೆಗೆಯುವವ" ಎಂದೆ.

ಅವರ ಮುಖದಲ್ಲಿ ಜೀವ ಬಂತು. ಮರುಕ್ಷಣವೇ ಸಿಟ್ಟೂ ಬಂತು. "ಅದನ್ನು ಎಳನೀರು ಕೆತ್ತುವ ಮೊದಲು ಹೇಳ್ಬಾರದಾ ಮಾರಾಯ್ರೆ!"

ಆ ಗಲಾಟೆಗೆ ಕಳ್ಳಿಪೀರ ಹಾರಿ ಹೋಗಿ ದೂರದ ತಂತಿಯ ಮೇಲೆ ಕೂತಿತು.

ಸೊಪ್ಪು

ಪೆರ್ಲದ ಕಡೆಯ ಗುಡ್ಡದಲ್ಲಿ ಪಿಕಳಾರ ಗೂಡು ಕಟ್ಟಿದೆಯೆಂದು ಗೊತ್ತಾಯಿತು. ಈ ಸಲ ಯಾರ ಕಣ್ಣಿಗೂ ಬೀಳಬಾರದು ಎಂದು ಮೈತುಂಬ ಹಲಸಿನ ಸೊಪ್ಪು ಕಟ್ಟಿಕೊಂಡು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಹಕ್ಕಿಗೆ ನಾನು ಕಾಣಲಿಲ್ಲ. ಆಡುಗಳಿಗೆ ಕಂಡೆ.

ಮೊದಲು ಬೆನ್ನಿನ ಸೊಪ್ಪು ಹೋಯಿತು, ಆಮೇಲೆ ತಲೆಯದ್ದು. ಕೂಗಿದರೆ ಹಕ್ಕಿ ಹೆದರುತ್ತದೆಂದು ಹಲ್ಲುಕಚ್ಚಿ ಕೂತೆ. ಅಷ್ಟರಲ್ಲಿ ಆಡು ಮೇಯಿಸುವ ಅಜ್ಜಿ ಬಂದರು. ನನ್ನನ್ನು ಸುತ್ತು ಹಾಕಿ ನೋಡಿ, ನಿಜವಾದ ಪ್ರೀತಿಯಿಂದಲೇ ಕೇಳಿದರು: "ಪಾಪ, ನಾಳೆಯೂ ಬರ್ತೀರಾ ಮಗ?"

ಪ್ಲಾಸ್ಟರ್

ಹಟ ಬಿಡುವ ಯೋಚನೆಯಲ್ಲಿದ್ದಾಗ ನೆರೆಯ ಅಕ್ಕನೊಬ್ಬರು ಅಂಗಡಿಗೆ ಬಂದು ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಕೇಳಿದರು. ಗಂಡ ದುಬೈಯಲ್ಲಿ, ಮನೆಯಲ್ಲಿ ಇವರೊಬ್ಬರೇ.

"ಯಾರಿಗೆ ಗಾಯ ಅಕ್ಕ?"

"ಗಾಯ ಇಲ್ಲ ಅಣ್ಣ, ಬೆಲ್ಲಿನ ಸ್ವಿಚ್ಚಿಗೆ ಅಂಟಿಸ್ಲಿಕ್ಕೆ. ಬೆಲ್ಲಿನ ವಯರಿನಲ್ಲಿ ಸೂರಕ್ಕಿ ಗೂಡು ಕಟ್ಟಿ ಮರಿ ಮಾಡಿದೆ. ಯಾರಾದ್ರೂ ಒತ್ತಿದ್ರೆ ಹೆದರ್ತವಲ್ಲ!"

ಮುಂಬಾಗಿಲನ್ನೇ ಮುಚ್ಚಿ ಅವರು ಅಡುಗೆಮನೆಯ ಬಾಗಿಲಲ್ಲಿ ಓಡಾಡುತ್ತಿದ್ದರು. "ದುಬೈಯಲ್ಲಿ ಅವರಿಗೆ ವಿಡಿಯೋ ಕಾಲಿನಲ್ಲಿ ಸರಿ ಕಾಣುದಿಲ್ಲವಂತೆ. ಒಂದು ಚಂದದ ಫೋಟೋ ತೆಗೆದು ಕೊಡ್ತೀರಾ?" ಎಂದರು. ನಾನು ಕಾದದ್ದೇ ಅದಕ್ಕೆ!

ದಿನಾ ಬೆಳಗ್ಗೆ ಅಂಗಳದ ಬಾಳೆಗಿಡದ ಮರೆಯಲ್ಲಿ ಕೂರತೊಡಗಿದೆ. ಚಹಾ ಅಡುಗೆಮನೆಯ ಬಾಗಿಲಿನಿಂದ ಬರುತ್ತಿತ್ತು. ಮರಿಗಳು ಇಂದೋ ನಾಳೆಯೋ ಹಾರುತ್ತವೆ ಎನ್ನುವ ಹೊತ್ತಿಗೆ ಒಂದು ಬೆಳಗ್ಗೆ ಗೇಟಿನ ಹೊರಗೆ ಕಾರು ನಿಂತಿತು. ಎರಡು ದೊಡ್ಡ ಪೆಟ್ಟಿಗೆ ಹಿಡಿದು ಇಳಿದವರು ಅಕ್ಕನ ಗಂಡ! ಹೆಂಡತಿಗೆ ಹೇಳದೆ ಬಂದಿದ್ದರು. ಬಾಗಿಲಿನತ್ತ ನಡೆದು, ಪ್ಲಾಸ್ಟರ್ ನೋಡಿ, ಗೂಡು ನೋಡಿ, ಚಾಚಿದ ಬೆರಳನ್ನು ಹಿಂದೆಗೆದುಕೊಂಡರು. ಆಮೇಲೆ ನನ್ನನ್ನು ಕಂಡು, ಬೆಕ್ಕಿನ ಹೆಜ್ಜೆಯಲ್ಲಿ ಬಂದು ಪಕ್ಕದಲ್ಲೇ ಕೂತರು.

"ಮೆಡಿಕಲಿನವರಲ್ವಾ? ಅವಳು ಹೇಳಿದ್ದಾಳೆ. ಮೊದ್ಲು ಫೋಟೋ ಆಗ್ಲಿ" ಎಂದು ಪಿಸುಗುಟ್ಟಿದರು. ಎರಡು ವರ್ಷ ಹೆಂಡತಿಯನ್ನು ಕಾಣದವರು ಇನ್ನೂ ಸ್ವಲ್ಪ ಹೊತ್ತು ಕಾಯಲು ತಯಾರಿದ್ದರು. ನನಗೆ ಅವರ ಮೇಲೆ ತುಂಬಾ ಪ್ರೀತಿ ಬಂತು.

ತಾಯಿ ಹುಳು ಕಚ್ಚಿಕೊಂಡು ಬಂತು. ಮರಿ ಬಾಯಿ ತೆರೆಯಿತು. ನಾನು ಕ್ಯಾಮೆರಾದ ಗುಂಡಿ ಒತ್ತಿದೆ.

ಅದೇ ಹೊತ್ತಿಗೆ ಚಹಾ ತಂದ ಅಕ್ಕ ಗಂಡನನ್ನು ಕಂಡರು. ಅವರು ಕಿರುಚಿದ ಕಿರುಚಿಗೆ ಲೋಟ ಒಂದು ಕಡೆ, ತಾಯಿ ಒಂದು ಕಡೆ, ಮರಿಗಳೆರಡೂ ಗೂಡು ಬಿಟ್ಟು ದಾಸವಾಳದ ಕಡೆ. ನನ್ನ ಫೋಟೋದಲ್ಲಿ ಬಂದದ್ದು ವಯರು ಮಾತ್ರ.

ಗಂಡ ಎರಡೂ ಕೈ ಚಾಚಿ ಎದ್ದು ನಿಂತರು. ಅಕ್ಕ ಖಾಲಿ ಗೂಡು ನೋಡಿದರು, ಗಂಡನನ್ನು ನೋಡಿದರು. ಕಣ್ಣಲ್ಲಿ ನೀರು ತುಂಬಿತ್ತು.

"ಎಂತದು ಇದು! ನಿಮಗೆ ಕಳಿಸ್ಲಿಕ್ಕೆ ಅಂತಲೇ ಫೋಟೋ ತೆಗೆಸ್ತಾ ಇದ್ದದ್ದಲ್ವಾ? ಒಂದು ದಿವ್ಸ ಲೇಟಾಗಿ ಬರ್ಲಿಕ್ಕೆ ಆಗ್ಲಿಲ್ವಾ ನಿಮಗೆ?"