ತಾನಾಗಿ ಬರುವ ಹಣ

ಮನುಷ್ಯನಿಂದ ಒಂದು ಸಲ ಹಣ ಪಡೆಯುವುದು ದೊಡ್ಡ ಮಾತಲ್ಲ. ತಿಂಗಳು ತಿಂಗಳೂ, ಅವನನ್ನು ಕೇಳದೆ, ಅವನಿಗೆ ಬೇಸರವೂ ಆಗದಂತೆ ಪಡೆಯುವುದಿದೆಯಲ್ಲ, ಅದು ದೇವರಿಗೂ ಸಾಧ್ಯವಾಗಿಲ್ಲ. ಆತನೂ ಹುಂಡಿ ಇಟ್ಟು ಸುಮ್ಮನೆ ಕೂತಿದ್ದಾನೆ. ಇಷ್ಟು ತಿಳಿಯದ ನಾನು ಇದ್ದ ಕೆಲಸ ಬಿಟ್ಟು, ವೇಲಚೇರಿಯ ಫ್ಲ್ಯಾಟಿನಲ್ಲಿ ಊಟದ ಮೇಜಿನ ಮುಂದೆ ಕೂತು, ಚಂದಾ ಹಣ ತಾನಾಗಿ ವಸೂಲಾಗುವ ಆ್ಯಪ್ ಒಂದನ್ನು ಮಾಡಿದೆ. ಹೆಂಡತಿ ಒಂದು ವರ್ಷದ ಗಡುವು ಕೊಟ್ಟಳು. ಅಷ್ಟರಲ್ಲಿ ಕೈಹಿಡಿಯದಿದ್ದರೆ ನಾನು ಮತ್ತೆ ಯಾರದಾದರೂ ಕೈಕೆಳಗೆ ದುಡಿಯಲು ಹೋಗಬೇಕು.

ಸಿಕ್ಕ ಏಕೈಕ ಗಿರಾಕಿ, ವಡಪಳನಿಯಲ್ಲಿ ಉಡುಪಿ ಹೋಟೆಲು ನಡೆಸುವ ಶ್ರೀಪತಿ ಭಟ್ಟರು. ಸುತ್ತಲಿನ ಮನೆಗಳಿಗೆ ಅವರು ಮಧ್ಯಾಹ್ನ ಕ್ಯಾರಿಯರ್ ಊಟ ಕಳಿಸುತ್ತಾರೆ. "ಒಂದನೇ ತಾರೀಕು ಎಲ್ಲರ ಕಾರ್ಡಿನಿಂದ ಹಣ ತಾನಾಗಿ ಬರುತ್ತದೆ, ನೀವು ಗಲ್ಲಾದಲ್ಲಿ ಕಾಫಿ ಕುಡಿಯುತ್ತಿರಿ" ಎಂದಿದ್ದೆ. ಬಂದದ್ದರಲ್ಲಿ ನನಗೊಂದಿಷ್ಟು ಕಮಿಷನ್.

ಮೊದಲ ತಿಂಗಳೇ ಎಡವಟ್ಟಾಯಿತು. ಹಣ ತೆಗೆಯುವ ಮುನ್ನಾದಿನ ಗಿರಾಕಿಗೆ ತಿಳಿಸಬೇಕೆಂಬುದು ನಿಯಮ. ‘ನಾಳೆ ನಿಮ್ಮ ಖಾತೆಯಿಂದ ಹಣ ಕಡಿತವಾಗಲಿದೆ’ ಎಂಬ ಸಂದೇಶ ಕಂಡದ್ದೇ ತಡ, ಸಿನಿಮಾದಲ್ಲಿ ಮೇಕಪ್ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಯಾರೋ ಕಳ್ಳರೆಂದು ಹೆದರಿ ಕಾರ್ಡನ್ನೇ ಬ್ಲಾಕ್ ಮಾಡಿಸಿದರು. ಹಣ ಬಾರದಿದ್ದರೆ ಊಟ ನಿಲ್ಲಿಸು ಎಂದು ಆ್ಯಪ್‌ಗೆ ನಾನೇ ಕಲಿಸಿದ್ದೆ. ಅದು ನನ್ನ ಮಗಳಂತಲ್ಲ, ಹೇಳಿದ್ದು ಕೇಳಿತು. ಇನ್ನೊಂದು ಮನೆಯ ಮಾಮಿಗೆ ಏಕಾದಶಿಯಂದು ಊಟ ಬೇಡ, ಆ ದಿನದ್ದು ಕಳೆಯಬೇಕು. ಕಷ್ಟಪಟ್ಟು ಆ್ಯಪ್‌ನೊಳಗೆ ಪಂಚಾಂಗ ತುರುಕಿದೆ. ಆಮೇಲೆ ನೋಡಿದರೆ ಮಾಮಿಯವರ ಪಂಚಾಂಗವೇ ಬೇರೆಯಂತೆ. ನಿಜ ಹೇಳುತ್ತೇನೆ, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ಹೀಗಿರುವಾಗ ಒಂದು ತಿಂಗಳು ಎಲ್ಲರ ಹಣವೂ ಒಂದೇ ಏಟಿಗೆ ಬಂದುಬಿಟ್ಟಿತು. ಮರುತಿಂಗಳೂ ಹಾಗೆಯೇ. ಹೆಂಡತಿಯನ್ನು ಪುರಸೈವಾಕ್ಕಂಗೆ ಕರೆದೊಯ್ದು ಸೀರೆ ಕೊಡಿಸಿ, "ಈಗೇನಂತೀಯ?" ಎಂದೆ. ಅದೇ ಗತ್ತಿನಲ್ಲಿ ಭಟ್ಟರಲ್ಲಿಗೆ ಹೋದರೆ, ಆ ಮೇಕಪ್ಪಿನ ಹಿರಿಯರು ಗಲ್ಲಾದ ಮುಂದೆ ನಿಂತು ನೋಟು ಕೊಡುತ್ತಿದ್ದರು.

"ಇವರದ್ದು ಕಾರ್ಡಿನಿಂದ ಬಂದಾಯಿತಲ್ಲ ಭಟ್ಟರೇ?"

ಭಟ್ಟರು ತಲೆ ಕೆರೆದುಕೊಂಡರು. "ಅದು ನನ್ನ ಕಾರ್ಡು ಮಾರಾಯ್ರೆ. ಎಲ್ಲರ ಹೆಸರಿಗೂ ನನ್ನದೇ ಹಾಕಿದ್ದೇನೆ. ಆ ಮೆಸೇಜು ಬಂದ್ರೆ ಇವ್ರಿಗೆಲ್ಲ ಹೆದ್ರಿಕೆ ಆಗ್ತದೆ. ಮೊದ್ಲಿನ ಹಾಗೆ ಕೈಯಲ್ಲೇ ಕೊಡ್ತಾರೆ."

ಅಂದರೆ ಭಟ್ಟರ ಹಣ ಹೊರಟು, ಊರೆಲ್ಲ ಸುತ್ತಿ, ಭಟ್ಟರಿಗೇ ಬರುತ್ತಿತ್ತು. ದಾರಿಯಲ್ಲಿ ಬ್ಯಾಂಕೂ ನಾನೂ ನಮ್ಮ ಪಾಲು ಮುರಿದುಕೊಳ್ಳುತ್ತಿದ್ದೆವು.

"ನನಗೊಂದು ಮಾತು ಹೇಳಬಾರದಿತ್ತೇ?"

"ಎಂತ ಹೇಳುದು? ಹಣ ಬರದ ದಿನ ನಿಮ್ಮ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ಹೆಂಡ್ತಿ ಮಕ್ಕಳು ಇರುವವ್ರು ನೀವು."

"ಪಾವಂ ಸಾರ್" ಎಂದು ಮರುಗಿ ಹಿರಿಯರೂ ನನ್ನ ಭುಜ ತಟ್ಟಿದರು. ಕ್ಯಾರಿಯರ್ ತರಿಸುವ ಮನೆಗಳಿಗೆಲ್ಲ ಈ ವಿಷಯ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು.

ನನ್ನ ಕಣ್ಣು ತುಂಬಿ ಬಂತು. "ಬೇಡ ಭಟ್ಟರೇ, ಇವತ್ತೇ ಇದನ್ನು ನಿಲ್ಲಿಸಿಬಿಡಿ" ಎಂದೆ.

ಅವರು ಸಂಕೋಚದಿಂದಲೇ ಫೋನನ್ನು ನನ್ನ ಮುಂದೆ ಹಿಡಿದರು. "ಹೋದ ತಿಂಗಳೇ ನೋಡಿದೆ. ನಿಲ್ಲಿಸ್ಲಿಕ್ಕೆ ಎಲ್ಲಿ ಒತ್ತುದು ಅಂತ ಸಿಗ್ಲಿಲ್ಲ."

ಸಿಗುವುದು ಹೇಗೆ? ಸೇರಿದವರು ಬಿಟ್ಟುಹೋಗಬಾರದೆಂದು ನಿಲ್ಲಿಸುವ ಗುಂಡಿಯನ್ನು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಅಡಗಿಸಿದವನು ನಾನೇ. ಫೋನು ತೆಗೆದುಕೊಂಡೆ. ಗುಂಡಿ ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ಕೊಟ್ಟ ಗಡುವಿಗೆ ಇನ್ನೂ ಕೆಲವು ತಿಂಗಳು ಉಳಿದಿವೆ ಎಂಬುದೂ ನೆನಪಾಯಿತು.

"ಮನೆಗೆ ಹೋಗಿ ಹುಡುಕಿ ಹೇಳುತ್ತೇನೆ ಭಟ್ಟರೇ" ಎಂದೆ.